ರಿಲಿಂಕ್ವಿಶ್ ಅಂದರೆ ಏನು

ಮೂರು ವರ್ಷ ಈ ಕಡೆ ತಲೆ ಹಾಕದ ಅಣ್ಣ ಚನ್ನಬಸವಯ್ಯ ಹಿರೀಸಾವೆಯಿಂದ ಕೊಣನೂರಿಗೆ ಹೊಸ ಸೀರೆ ಹಿಡಿದು ಬಂದಾಗಲೇ ಬಸವಲಿಂಗಮ್ಮನಿಗೆ ಅನುಮಾನ ಹತ್ತಿತ್ತು. ಸೀರೆಯ ಹಿಂದೆಯೇ ಹಾಸನದ ವಕೀಲರು ಬರೆದುಕೊಟ್ಟ ಒಂದು ಇಂಗ್ಲಿಷ್ ಕಾಗದವೂ ಚೀಲದಿಂದ ಹೊರಬಂತು.

"ಎಬ್ಬೆಟ್ಟು ಒತ್ತವ್ವ."

"ಏನಂತ ಬರ್ದವ್ರೆ ಅಣ್ಣಯ್ಯ?"

"ರಿಲಿಂಕ್ವಿಶ್ ಅಂತ. ಅಂಗಂದ್ರೆ ಅಣ್ಣ ತಂಗಿ ಚೆನ್ನಾಗವ್ರೆ ಅಂತ ಕಣವ್ವ."

ಚೆನ್ನಾಗಿರುವುದಕ್ಕೆ ವಕೀಲರ ಕಾಗದ ಯಾಕೆ ಬೇಕು? "ಇವತ್ತು ಅಮಾಸೆ, ನಾಳೆ ಒತ್ತೀನಿ" ಎಂದು ಬಸವಲಿಂಗಮ್ಮ ಅದನ್ನು ದೇವರ ಗೂಡಿನಲ್ಲಿಟ್ಟಳು. ಮಧ್ಯಾಹ್ನ ಅಣ್ಣ ಉಂಡು ಗೊರಕೆ ಹೊಡೆಯುವಾಗ, ಕಾಗದವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಇಂಗ್ಲಿಷ್ ಮೇಷ್ಟ್ರ ಮನೆಗೆ ಹೋದಳು.

ಮೇಷ್ಟ್ರು ಕನ್ನಡಕ ಏರಿಸಿದರು. "ಬಿಟ್ಟುಕೊಡೋದು ಅಂತ ಕಣಮ್ಮ, ಇಲ್ಲಿ ನಿಮ್ಮಪ್ಪನ ಆಸ್ತಿನ. ಲ್ಯಾಟಿನ್ ಭಾಷೆಯಿಂದ ಬಂದ ಮಾತು, ಹಿಂದೆ ಬಿಟ್ಟು ಹೊರಡೋದು ಅಂತ ಮೂಲ. ಹೋದ ವರ್ಷ, ಮೂವತ್ತಾರರಲ್ಲಿ, ಇಂಗ್ಲೆಂಡಿನ ದೊರೆ ಸಿಂಹಾಸನ ಬಿಟ್ಟರಲ್ಲ, ಅಂಥದಕ್ಕೆ ಬಳಸೋದು. ತನ್ನದಲ್ಲದ್ದನ್ನ ಬಿಟ್ಟೆ ಅನ್ನೋಕೆ ಈ ಮಾತು ಬರೋದಿಲ್ಲ."

ದಾರಿಯುದ್ದಕ್ಕೂ ಅವಳು ಆ ಕೊನೆಯ ಮಾತನ್ನೇ ಮೆಲುಕು ಹಾಕಿದಳು. ಅಪ್ಪನ ಆಸ್ತಿಯಲ್ಲಿ ಹೆಣ್ಣುಮಗಳಿಗೆ ಏನೂ ಇಲ್ಲ ಎಂದೇ ಅಣ್ಣ ಇಷ್ಟು ವರ್ಷ ಹೇಳಿದ್ದ.

ಮರುದಿನ ಅಣ್ಣ ಶಾಯಿ ಡಬ್ಬಿ ತೆರೆದಾಗ, ಸೀರೆಯನ್ನು ಅವನ ತೊಡೆಯ ಮೇಲಿಟ್ಟಳು.

"ಬುಟ್ಟುಕೊಡ್ತೀನಿ ಅಣ್ಣಯ್ಯ. ಮೊದ್ಲು ನಂದು ಎಷ್ಟೈತೆ ಅಂತ ತೋರ್ಸು."