ಬದುಕಿರುವವರಿಗೆ ಜಾಗವಿಲ್ಲ

೧
ಗಾನ್ಸು ಪ್ರಾಂತ್ಯದ ಚರಿತ್ರೆಯನ್ನು ಎಲ್ಲಿಂದ ಶುರುಮಾಡಬೇಕು? ಮಡಕೆಯಿಂದ, ಅಂದರು ಯಾನ್ ಮೇಷ್ಟ್ರು. ಸರಿ. ಸಾವಿರಾರು ವರ್ಷಗಳ ಹಿಂದೆ ಹೆಸರಿಲ್ಲದ ಒಬ್ಬಳು ಹಸಿ ಮಡಕೆಯ ಮೇಲೆ ನೀರಿನ ಸುಳಿ ಬರೆದಳು...

(ಹೊಡೆದುಹಾಕಿದೆ. ಮ್ಯೂಸಿಯಂ ಬೋರ್ಡಿನ ಹಾಗಿದೆ.)

೨
ಯಾನ್ ಮೇಷ್ಟ್ರಿಂದಲೇ ಶುರುಮಾಡೋಣ. ಲಾನ್‌ಝೋ ಊರಿನ ಒಂದು ಕಚೇರಿಯಲ್ಲಿ ಕೂತು ಪ್ರಾಂತ್ಯದ ಕಥೆಯನ್ನು ಆದಿಯಿಂದ ಇವತ್ತಿನವರೆಗೆ ಬರೆಯುವವರು. ಮಡಕೆಯವಳಾಯಿತು, ಕಾವಲುಗೋಪುರದ ಸೈನಿಕರಾಯಿತು, ಗುಡ್ಡ ಕುಸಿದು ಗುಹೆಮನೆಗಳು ಮುಚ್ಚಿಹೋದ ಭೂಕಂಪವಾಯಿತು, ರೈಲೂ ಬಂತು. ಉಳಿದದ್ದು ಕೊನೆಯ ಅಧ್ಯಾಯ, ‘ಜನ’. ಅದಕ್ಕೊಂದು ಹಳೇ ಕಟ್ಟಳೆ: ಸತ್ತವರ ಬದುಕನ್ನು ಮಾತ್ರ ಬರೆಯಬೇಕು. ಬದುಕಿರುವವನು ಎಂಥ ಸರದಾರನಾದರೂ ಒಳಗೆ ಜಾಗವಿಲ್ಲ.

ಒಬ್ಬನ ವಿಷಯ ಮಾತ್ರ ಮೇಷ್ಟ್ರಿಗೆ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಕಾಂಗ್ ದೆಶುಯಿ, ಗಾಳಿ ತುಂಬಿದ ಕುರಿಚರ್ಮದ ತೆಪ್ಪ ನಡೆಸುತ್ತಿದ್ದವನು. ಹಳದಿ ನದಿ ಉಕ್ಕಿದಾಗ ಒಂದಿಡೀ ಬೀದಿಯ ಜನರನ್ನು ದಡ ಸೇರಿಸಿ, ಇನ್ನೊಂದು ಸಲ ಹೋದವನು ಬರಲಿಲ್ಲ. ಹೆಣವೂ ಸಿಗಲಿಲ್ಲ. ಹೆಂಡತಿ ಲಾನ್‌ಯಿಂಗ್ ಅವನು ಸತ್ತನೆಂದು ಒಪ್ಪಿದರೆ ಅವನಿಗೊಂದು ಪುಟ.

೩
ಮುದುಕಿ ಲಾನ್‌ಯಿಂಗ್ ನದಿದಂಡೆಯ ಮನೆಯಲ್ಲಿ ನೂಡಲ್ಸಿನ ಹಿಟ್ಟು ಎಳೆಯುತ್ತಿದ್ದಳು.

“ಅಜ್ಜಿ, ಒಂದು ತಾರೀಖು ಹೇಳಿಬಿಡಿ. ಮರ್ಯಾದೆಯಿಂದ ಬರೀತೀವಿ.”

“ಹುಟ್ಟಿದ್ದಾ?”

“ಅಲ್ಲ... ಹೋದದ್ದು.”

“ಹೋದದ್ದು ಬೆಳಗ್ಗೆ, ಹೊಟ್ಟೆ ತುಂಬ ತಿನ್ಕೊಂಡು. ಸತ್ತದ್ದು ಅನ್ನೋಕೆ ಬಾಯಿ ಬರಲ್ವಾ ಮೇಷ್ಟ್ರೇ?”

ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿದರು.

“ನೀವು ಬರೆದ ದಿನ ಅವನು ಸಾಯ್ತಾನೆ. ಅಲ್ಲೀವರೆಗೂ ಬರೋದು ತಡ ಆಗಿದೆ, ಅಷ್ಟೆ. ಎದ್ದೇಳಿ.”

(ಇಲ್ಲಿ ಮೇಷ್ಟ್ರು ಅಳಬೇಕೆಂದು ಕಥೆ ಬರೆಯುವ ನನ್ನ ಆಸೆ. “ಸುಮ್ನಿರ್ರೀ, ನಂಗೆ ಕೆಲಸ ಇದೆ” ಎಂದು ನನಗೇ ಅಂದುಬಿಟ್ಟರು.)

೪
ಮಟಮಟ ಮಧ್ಯಾಹ್ನ. ಕಚೇರಿಗೆ ಬಂದ ಮೇಷ್ಟ್ರು ದೆಶುಯಿಗೆಂದು ಬಿಟ್ಟಿದ್ದ ಖಾಲಿ ಪುಟವನ್ನು ತೆಗೆಯಲು ಹಸ್ತಪ್ರತಿಯ ಕಟ್ಟು ಬಿಚ್ಚಿದರು. ಹಾಳೆಗಳ ಒಳಗಿನಿಂದ, ತುಂಬಿದ ಬಸ್ಸಿನಲ್ಲಿ ಕೇಳುವಂಥ ದನಿ ಬಂತು.

“ಸ್ವಲ್ಪ ಸರೀರಿ. ಇನ್ನೊಬ್ಬ ಬರ್ತಾನೆ.”

ಗುಡ್ಡದಡಿ ಹೂತುಹೋದವರ ಹಾಗೆ, ಬಾಯಲ್ಲಿ ಮಣ್ಣು ತುಂಬಿಕೊಂಡವರ ದನಿ. ಮೇಷ್ಟ್ರು ಖಾಲಿ ಪುಟದ ಮೇಲೆ ಅಂಗೈ ಇಟ್ಟರು. ಒದ್ದೆಯಾಗಿತ್ತು.

“ಇದು ನಿಮ್ಮ ಕಿತಾಪತಿನಾ?” ಎಂದು ನನ್ನನ್ನು ಕೇಳಿದರು.

“ಆಣೆಗೂ ನಾನಲ್ಲ.” ನಾನು ಬರೆದದ್ದು ‘ಫ್ಯಾನ್ ತಿರುಗುತ್ತಿತ್ತು’ ಎಂದಷ್ಟೇ. ನನಗೂ ಭಯವಾಯಿತು.

ಮೇಷ್ಟ್ರು ಆ ಪುಟವನ್ನು ಹರಿದು ಹಾಕಿದರು.

೫
ಅಂತ್ಯ ಒಂದು: ಬಾಗಿಲು ತಟ್ಟಿದ ಸದ್ದು. ದೆಶುಯಿ, ನೀರು ಸುರಿಸುತ್ತ.

“ತೆಗಿ ಅದನ್ನ,” ಅಂದಳು ಲಾನ್‌ಯಿಂಗ್. “ನೀನು ಬರೆದು ಕರೆಸಿದೋನು ನನ್ ಗಂಡ ಅಲ್ಲ.”

ತೆಗೆದೆ.

“ಅದಿರ್ಲಿ, ಲೋ ಕಥೆಯವನೇ. ನನ್ ವಿಷಯ ನಿಂಗೆಲ್ಲಿ ಸಿಕ್ತು?”

(ಓದುಗರೇ, ಮೇಷ್ಟ್ರು ತೀರಿಕೊಂಡ ಎಷ್ಟೋ ವರ್ಷದ ಮೇಲೆ ಆ ಚರಿತ್ರೆಯ ಹೊಸ ಮುದ್ರಣ ಬಂತು. ‘ಜನ’ ಅಧ್ಯಾಯದಲ್ಲಿ ಮೇಷ್ಟ್ರಿದ್ದಾರೆ. ಬೀದಿಯ ಮಕ್ಕಳನ್ನೆಲ್ಲ ಸಾಕಿದವಳೆಂದು ಲಾನ್‌ಯಿಂಗ್ ಕೂಡ ಇದ್ದಾಳೆ; ನನಗೆ ಅವಳು ಸಿಕ್ಕಿದ್ದು ಅಲ್ಲೇ. ದೆಶುಯಿ ಇಲ್ಲ.)

ಸುಳ್ಳು ಹೇಳಬಹುದಿತ್ತು. ಆಗಲಿಲ್ಲ. ಸತ್ತವರ ಆ ಅಧ್ಯಾಯದಲ್ಲಿ ಅವಳೂ ಇದ್ದಾಳೆಂದು ಎಲ್ಲ ಹೇಳಿದೆ.

ಅಜ್ಜಿ ಕೈಯ ಹಿಟ್ಟು ಒರೆಸಿಕೊಂಡು ಸುತ್ತ ನೋಡಿದಳು.

“ಅದಕ್ಕೇನಾ ಇಲ್ಲಿ ಇಷ್ಟೊಂದು ಜನ! ಮಡಕೆಯೋಳು ದಿನಾ ಬರ್ತಾಳೆ. ಗೋಪುರದ ಹುಡುಗ್ರು ಬರ್ತಾರೆ. ಇವನೊಬ್ಬ ಯಾಕೆ ಬರ್ತಿಲ್ಲ ಅಂತಿದ್ದೆ.”

“ತಾರೀಖು ಹೇಳಿ ಅಜ್ಜಿ. ನಿಮ್ಮ ಪಕ್ಕದಲ್ಲೇ ಬರೀತೀನಿ,” ಅಂದೆ.

“ಬರೆದ್ರೆ ಸಾಯ್ತಾನೆ.”

“ಹೂಂ.”

“ಬರೀದಿದ್ರೆ?”

“ನದಿ ಮೇಲೇ ಇರ್ತಾನೆ. ಒಬ್ನೇ.”

ಅವಳ ಹಿಂದೆ ಯಾರೋ ಸರಿದು ಜಾಗ ಮಾಡುವ ಸದ್ದು. ಅವಳು ತಿರುಗಿ ಅವರನ್ನು ಗದರಿದಳು. ಆಮೇಲೆ ನನಗೆ:

“ತಡಿ. ಕೈ ಎತ್ತು. ಇನ್ನೂ ಬರೀಬೇಡ.”

ಎತ್ತಿದ್ದೇನೆ. ಅವಳು ಯೋಚಿಸುತ್ತಿದ್ದಾಳೆ. ನೀವೂ ಅವಸರ ಮಾಡಬೇಡಿ, ಮುಂದೇನಾಯಿತು ಎಂದು ಕೇಳಬೇಡಿ