ನೆಟ್ಟಗೆ ನಡೆಯುವ ಹುಡುಗಿ

"ನಾನು ಹೋಗಲ್ಲ," ಎಂದು ಅಜ್ಜಿ ವಿಡಿಯೋ ಗೇಮಿನ ಕಂಟ್ರೋಲರನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡಳು.

ಮೊಮ್ಮಗಳು ಲೆಪೆಕಾಗೆ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಲೋಗನ್ ಪಟ್ಟಣದ ಅವರ ಮನೆಯ ಗ್ಯಾರೇಜಿನಲ್ಲಿ ಫ್ಯಾನು ಇದ್ದ ಬಿಸಿಗಾಳಿಯನ್ನೇ ತಿರುವಿ ಹಾಕುತ್ತಿತ್ತು. ಟಿವಿಯ ಪರದೆಯ ಮೇಲೆ ಅವಳೇ ಮಾಡಿದ ಆಟದ ಹುಡುಗಿ ಬುಟ್ಟಿ ಹಿಡಿದು ನಿಂತಿದ್ದಳು. ಎದುರಿಗೆ ಅಜ್ಜಿ ಬಿಟ್ಟುಬಂದ ದ್ವೀಪದಲ್ಲಿರುವಂಥ ಗೋಡೆಯಿಲ್ಲದ ದೊಡ್ಡ ಮನೆ, ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ಮುದುಕರು. ಅವರ ಮುಂದೆ ಹಾದು ಆಚೆಯ ಸಮುದ್ರ ಸೇರಿದರೆ ಆಟ ಮುಗಿಯಿತು.

"ಮುಂದಕ್ಕೆ ಒತ್ತು ಅಜ್ಜಿ, ಅಷ್ಟೇ."

"ಹಿರಿಯರು ಕೂತಿದಾರೆ. ಇವಳನ್ನ ನೋಡು, ದೀಪದ ಕಂಬದ ಹಾಗೆ ನೆಟ್ಟಗೆ! ಬೆನ್ನು ಬಗ್ಗಿಸಿ, 'ತುಲೋ, ಕ್ಷಮಿಸಿ' ಅಂತ ಕೇಳ್ಕೊಂಡು ಹಾಯ್ಬೇಕು ಅಂತ ಗೊತ್ತಿಲ್ವಾ? ಯಾರ ಮನೆ ಹುಡುಗಿ ಅಂದ್ರೆ ಬರೋದು ನನ್ನ ಹೆಸರೇ."

"ಅವರು ಗೊಂಬೆಗಳು ಅಜ್ಜಿ! ಒಬ್ಬನನ್ನ ಮಾಡಿ, ಮಿಕ್ಕವರಿಗೆ ಗಡ್ಡ ಬದಲಾಯಿಸಿದೀನಿ."

"ಕಣ್ಣು ಇಟ್ಟಿದೀಯಲ್ಲ."

ಲೆಪೆಕಾಗೆ ಈ ಹುಚ್ಚು ಹತ್ತಿದ್ದು ಚರ್ಚಿನ ಹಳೆಯ ಕಂಪ್ಯೂಟರಿನಿಂದ. ಪಾದ್ರಿಯವರು ಹಾಡುಗಳನ್ನು ಟೈಪು ಮಾಡು ಎಂದು ಕೂರಿಸಿದರೆ, ಇವಳು ನೆಲಗಪ್ಪೆಗಳು ಬಕೆಟ್ಟಿಗೆ ಜಿಗಿಯುವ ಆಟ ಮಾಡಿದ್ದಳು. ಆಡಲು ಚಿಕ್ಕಪ್ಪನ ಮಕ್ಕಳೆಲ್ಲ ಜುಟ್ಟು ಹಿಡಿದು ಜಗಳವಾಡಿದ್ದರು. ಆ ಧೈರ್ಯದಲ್ಲೇ ನರ್ಸಿಂಗ್ ಬಿಟ್ಟು ಆಟ ಮಾಡುವುದನ್ನು ಕಲಿಸುವ ಈ ಕೋರ್ಸಿಗೆ ಸೇರಿದ್ದು. ಮೊದಲು ಒಪ್ಪಿಸಿದ ಆಟ ಅರ್ಧಕ್ಕೇ ನಿಂತು ಫೇಲಾಗಿತ್ತು. ಇದೂ ಫೇಲಾದರೆ ಓದು ಬಿಟ್ಟು ತನ್ನ ಜೊತೆ ವೃದ್ಧಾಶ್ರಮದ ಕೆಲಸಕ್ಕೆ ಬರಬೇಕೆಂದು ಚಿಕ್ಕಮ್ಮ ಮಾತು ತೆಗೆದುಕೊಂಡಿದ್ದಳು. ಕೋರ್ಸಿನ ಮೇಡಂ ಹಾಕಿದ ಷರತ್ತು ಬೇರೆ: ಎಂದೂ ಇಂಥದ್ದು ಆಡದವರೊಬ್ಬರು ಕೊನೆತನಕ ಆಡಿದ ವಿಡಿಯೋ ಸಂಜೆಯೊಳಗೆ ಬರಬೇಕು. ಹಾಗೆ ಹುಡುಕಿದರೆ ಸಿಕ್ಕಿದ್ದು ಅಜ್ಜಿ ಒಬ್ಬಳೇ.

ಏನು ಮಾಡಲಿ ಎಂದು ಕೇಳಿದರೆ, ಜೊತೆಗೆ ಓದುವ ಡಿಲನ್ ಫೋನಿನಲ್ಲಿ ನಕ್ಕ. "ಮುದುಕರನ್ನೇ ತೆಗ್ದುಬಿಡು ಮಾರಾಯ್ತಿ. ಖಾಲಿ ಮನೇಲಿ ಓಡ್ಕೊಂಡು ಹೋಗ್ಲಿ."

ತೆಗೆದಳು. ಚಾಪೆ ಬರಿದಾಯಿತು. ಬನ್ನು ಅದ್ದುತ್ತಿದ್ದ ಅಜ್ಜಿ ಕೋಕೋ ಲೋಟ ಕೆಳಗಿಟ್ಟಳು.

"ಎಲ್ಲಿಗೆ ಕಳಿಸ್ದೆ ಅವರನ್ನ? ಊಟನಾದ್ರೂ ಆಗಿತ್ತಾ?"

"ಅಯ್ಯೋ ದೇವರೇ!"

ಮತ್ತೆ ಕರೆತಂದರೆ ಒಬ್ಬ ಮುದುಕ ಮಾಡಿನ ಮೇಲೆ ಹೋಗಿ ಕೂತ. ಅವನನ್ನು ಇಳಿಸುವಷ್ಟರಲ್ಲಿ ಬಿಸಿಲು ಗ್ಯಾರೇಜಿನ ಬಾಗಿಲು ದಾಟಿ ಹೋಗಿತ್ತು. ಲೆಪೆಕಾ ಹಲ್ಲು ಕಚ್ಚಿ, "ಸರಿ, ಹೇಗೆ ಬಗ್ಗಬೇಕು ತೋರ್ಸು," ಎಂದಳು. ಅಜ್ಜಿ ಮಂಡಿ ಹಿಡಿದು ಎದ್ದು, ಸೊಂಟ ಬಾಗಿಸಿ, ಒಂದು ಕೈ ನೆಲದತ್ತ ಇಳಿಬಿಟ್ಟು ನಾಲ್ಕು ಹೆಜ್ಜೆ ನಡೆದು, ಉಸ್ಸೆಂದು ಕೂತಳು.

ಪರದೆಯ ಹುಡುಗಿಯೂ ಕೊನೆಗೆ ಬಾಗಿದಳು. ಆದರೆ ಬಾಗಿದ ಕೂಡಲೇ ಅವಳ ಕಾಲು ಮಂಡಿಯವರೆಗೆ ಚಾಪೆಯೊಳಗೆ ಇಳಿದುಹೋಯಿತು.

"ಹೂತುಹೋದ್ಲಲ್ಲೇ," ಎಂದು ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದಳು. "ಹೋಗ್ಲಿ ಬಿಡು. ನೆಟ್ಟಗೆ ಹೋಗೋದಕ್ಕಿಂತ ವಾಸಿ."

"ಇಂಥ ತಪ್ಪಿಟ್ಟು ಕಳ್ಸಿದ್ರೆ ಫೇಲೇ ಮಾಡ್ತಾರೆ ಕಣೇ," ಎಂದ ಡಿಲನ್, ಮತ್ತೆ ಫೋನು ಮಾಡಿ ಹೇಳಿದಾಗ. "ಮೊದಲಿನದೇ ಕೊಡು, ನಾನು ನಮ್ಮಜ್ಜನ ಕೈಲಿ ಆಡಿಸ್ತೀನಿ. ಅವರು ದಡದಡ ಅಂತ ಹಾದುಹೋಗ್ತಾರೆ."

ಲೆಪೆಕಾ ಪರದೆ ನೋಡಿದಳು. ಮುದುಕರು ಕಾಯುತ್ತಿದ್ದರು. ಅಜ್ಜಿಯೂ.

"ಬೇಡ," ಎಂದು ಫೋನು ಇಟ್ಟಳು.

ಅಜ್ಜಿ ಗುಂಡಿ ಒತ್ತಿದಳು. ಮಂಡಿಯುದ್ದ ಹೂತ ಹುಡುಗಿ ಒಬ್ಬೊಬ್ಬ ಮುದುಕನನ್ನೂ ದಾಟುತ್ತ ಹೋದಳು. ಕುರ್ಚಿಯಲ್ಲಿ ಅಜ್ಜಿಯ ಬೆನ್ನೂ ಬಾಗಿತ್ತು, ತುಟಿ ಅಲ್ಲಾಡುತ್ತಿತ್ತು. ಚಾಪೆ ಮುಗಿದು ಸಮುದ್ರ ಬಂತು.

ವಿಡಿಯೋ ನಿಲ್ಲಿಸಿ ಕಳಿಸಬೇಕಾದ ಲ್ಯಾಪ್‌ಟಾಪು ಅಜ್ಜಿಯ ಆಚೆ ಬದಿಗಿತ್ತು. ಲೆಪೆಕಾ ಸಿಡುಕಿನಲ್ಲೇ ಎದ್ದು, ಟಿವಿಗೂ ಕುರ್ಚಿಗೂ ನಡುವೆ ಬೆನ್ನು ಬಗ್ಗಿಸಿ ಹಾದಳು. ಅಜ್ಜಿ ಪರದೆಯಿಂದ ಕಣ್ಣು ತೆಗೆಯದೆ, ಮಂಡಿಯನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿ ದಾರಿ ಬಿಟ್ಟಳು.