ಹೂಂಗುಟ್ಟಿದವರು

ನನಗೆ ಬಾಯಿ ಜಾಸ್ತಿ. ನಮ್ಮ ಮನೆಯವರೆಲ್ಲ ಒಮ್ಮತದಿಂದ ಒಪ್ಪುವ ವಿಷಯ ಇದೊಂದೇ. ಆಪ್ತಸಮಾಲೋಚನೆಯಲ್ಲಿ ಎಂ.ಎ. ಮಾಡುತ್ತೇನೆ ಎಂದಾಗ ಅಕ್ಕ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದಳು. "ಅದು ಬೇರೆಯವ್ರ ಮಾತು ಕೇಳಿಸ್ಕೊಳ್ಳೋ ಕೆಲ್ಸ ಕಣೇ. ನಿನ್ ಕೈಲಾಗುತ್ತಾ?"

ಎರಡನೇ ವರ್ಷ ಪ್ರಾಯೋಗಿಕ ತರಬೇತಿ. ಕಾಲೇಜಿನ ಹಿಂದಿನ ಕಟ್ಟಡದಲ್ಲಿ ಒಂದು ಸಣ್ಣ ಕೋಣೆ, ಎರಡು ಕುರ್ಚಿ, ಒಂದು ಗೋಡೆ ಗಡಿಯಾರ. ಬಂದವರಿಂದ ಸಹಿ ಪಡೆದು ಮಾತುಕತೆಯನ್ನು ರೆಕಾರ್ಡ್ ಮಾಡಿಕೊಳ್ಳಬೇಕು. ಮರುದಿನ ಕುಳಿತು ಅದನ್ನು ಅಕ್ಷರಕ್ಕೆ ಅಕ್ಷರ ಟೈಪ್ ಮಾಡಿ ಮೇಡಂಗೆ ಒಪ್ಪಿಸಬೇಕು. ಕೆಮ್ಮಿದ್ದು, ಮೂಗೆಳೆದದ್ದು, ಎಷ್ಟು ಸೆಕೆಂಡು ಸುಮ್ಮನಿದ್ದರು ಎಂಬುದು, ಯಾವುದೂ ಬಿಟ್ಟುಹೋಗುವಂತಿಲ್ಲ. ಮೇಡಂ ನಮ್ಮ ಮಾರ್ಗದರ್ಶಕಿ. ಅವರು ಕೆಂಪು ಪೆನ್ನು ಕೈಗೆತ್ತಿಕೊಂಡರೆ ನಮ್ಮ ಕಥೆ ಮುಗಿಯಿತು.

ನನ್ನ ಪಾಲಿಗೆ ಬಂದವರು ಪುಸ್ತಕಗಳಿಗೆ ಬೈಂಡ್ ಹಾಕುವ ಹೆಂಗಸು. ಐವತ್ತರ ಆಸುಪಾಸು, ಬೆರಳ ಸಂದಿಯಲ್ಲಿ ಒಣಗಿದ ಗೋಂದು. ಫೈಲಿನಲ್ಲಿ ಹೆಸರು ಬರೆಯುವಂತಿಲ್ಲವಾದ್ದರಿಂದ ಮನಸ್ಸಿನಲ್ಲೇ ಬೈಂಡಮ್ಮ ಎಂದು ಕರೆಯತೊಡಗಿದೆ. ನಾಲ್ಕು ತಿಂಗಳ ಹಿಂದೆ ಅವರ ತಂಗಿ ತೀರಿಕೊಂಡಿದ್ದರು. ಇಬ್ಬರಿಗೂ ಮದುವೆಯಾಗಿರಲಿಲ್ಲ; ಅಂಗಡಿಯ ಹಿಂದಿನ ಕೋಣೆಯೇ ಮನೆ. ಅಕ್ಕ ಮುಂದೆ ಕೂತು ಹಾಳೆ ಹೊಲಿಯುತ್ತ ಮಾತಾಡುವುದು, ತಂಗಿ ಒಳಗೆ ರಟ್ಟು ಕತ್ತರಿಸುತ್ತ ಹೂಂಗುಟ್ಟುವುದು. ಮೂವತ್ತು ವರ್ಷ ಹೀಗೇ ಕಳೆದಿತ್ತು.

"ಈಗ್ಲೂ ಹೂಂ ಅಂತಾಳೆ," ಎಂದು ಮೊದಲ ದಿನವೇ ಹೇಳಿದರು, ಹಾಲಿನವನು ಬಂದುಹೋದ ಎನ್ನುವಷ್ಟು ಸಲೀಸಾಗಿ. ಹತ್ತಿರದವರು ಸತ್ತಾಗ ಅವರ ದನಿ ಕೇಳಿಸುವುದು ಸಾಮಾನ್ಯ ಎಂದು ಓದಿದ್ದೆ. ಹಾಗೆಯೇ ಗುರುತು ಹಾಕಿಕೊಂಡೆ.

ಮೂರನೇ ಭೇಟಿಯ ಟೈಪ್ ಪ್ರತಿ ನೋಡಿ ಮೇಡಂ ಕನ್ನಡಕ ತೆಗೆದರು. "ಅರವತ್ತೆರಡು ಹೂಂ! ಇದೇನಮ್ಮ, ಕಥೆ ಕೇಳ್ತಾ ಇದ್ದೀಯಾ? ಕೇಳಿಸ್ಕೊಂಡೆ ಅನ್ನೋಕೂ ಹೂಂ, ಒಪ್ಕೊಂಡೆ ಅನ್ನೋಕೂ ಹೂಂ. ಎದುರಿಗೆ ಕೂತೋರು ಯಾವುದು ಅಂತ ತಿಳ್ಕೋಬೇಕು? ಮುಂದಿನ ಸಲ ನಾಲಿಗೆ ಕಚ್ಕೊಂಡು ಕೂತ್ಕೋ."

ಅಷ್ಟೊಂದು ಹೇಳಿದ ನೆನಪು ನನಗಿರಲಿಲ್ಲ. ಆದರೂ ನನ್ನ ಬಾಯಿಯ ಮೇಲೆ ನನಗೇ ನಂಬಿಕೆ ಇಲ್ಲದ ಕಾರಣ ತೆಪ್ಪಗಿದ್ದೆ.

ನಾಲ್ಕನೇ ಭೇಟಿಯಲ್ಲಿ ನಿಜಕ್ಕೂ ನಾಲಿಗೆ ಕಚ್ಚಿಕೊಂಡು ಕೂತೆ. ಒಂದೇ ಒಂದು ಹೂಂ ಹೊರಬರಲು ಬಿಡಲಿಲ್ಲ, ಬರೀ ತಲೆಯಾಡಿಸಿದೆ. ಬೈಂಡಮ್ಮ ಮುಕ್ಕಾಲು ಗಂಟೆ ಮಾತಾಡಿದರು, ಆಗಾಗ ನನ್ನ ಭುಜದಾಚೆ ನೋಡುತ್ತ. ಕೊನೆಗೆ, "ನಾನು ಬರ್ಲಾ?" ಎಂದರು. ಸಮಯವೂ ಮುಗಿದಿತ್ತು. ಹೊರಡುವವರು ಯಾರೂ ಹೋಗ್ತೀನಿ ಎನ್ನುವುದಿಲ್ಲವಲ್ಲ, ಬರ್ತೀನಿ ಎಂದೇ ಹೇಳುವುದು. ನಾನು ತಲೆಯಾಡಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ ಹಾಗಾದ್ರೆ," ಎಂದು ಎದ್ದರು. ಅವರು ನಕ್ಕಿದ್ದನ್ನು ಅಂದೇ ನಾನು ಮೊದಲು ನೋಡಿದ್ದು. ಚಿಕಿತ್ಸೆ ಫಲಿಸುತ್ತಿದೆ ಎಂದು ಒಳಗೊಳಗೇ ಬೀಗಿದೆ.

ಮರುದಿನ ಬೆಳಗ್ಗೆ ವಿಭಾಗದ ಕಂಪ್ಯೂಟರ್ ಮುಂದೆ ಕೂತು ಹೆಡ್‌ಫೋನ್ ಹಾಕಿಕೊಂಡೆ. ಎರಡನೇ ನಿಮಿಷದಲ್ಲೇ ಒಂದು ಹೂಂ ಕೇಳಿಸಿತು. ಅಯ್ಯೋ, ತಪ್ಪಿ ಬಂದುಬಿಟ್ಟಿದೆ ಎಂದುಕೊಂಡೆ. ಹತ್ತನೇ ನಿಮಿಷಕ್ಕೆ ಹನ್ನೊಂದಾಗಿದ್ದವು. ಆಮೇಲೆ ಒಂದು ಕಡೆ ಬೈಂಡಮ್ಮ ಎಡೆಬಿಡದೆ ಮಾತಾಡುತ್ತಿರುವಾಗಲೇ, ಆ ಮಾತಿನ ಅಡಿಯಲ್ಲಿ, ಯಾವುದೋ ಕೆಲಸದಲ್ಲಿ ತೊಡಗಿದವರ ಹಾಗೆ ಯಾರೋ ಹೂಂ ಎಂದರು. ಅದು ಅವರದಾಗಿರಲು ಸಾಧ್ಯವಿರಲಿಲ್ಲ. ನನ್ನದಂತೂ ಅಲ್ಲವೇ ಅಲ್ಲ. ಹೆಡ್‌ಫೋನ್ ಕಿತ್ತಿಟ್ಟು ಹಿಂದಕ್ಕೆ ತಿರುಗಿ ನೋಡಿದೆ. ಕಾರಿಡಾರಿನಲ್ಲಿ ನೆಲ ಒರೆಸುವವಳು ಬಿಟ್ಟರೆ ಯಾರೂ ಇರಲಿಲ್ಲ.

ಮೇಡಂ ಬಂದು ಹೆಡ್‌ಫೋನ್ ಹಾಕಿಕೊಂಡು ಕೇಳಿದರು. "ಇದು ನಿನ್ನ ದನಿ ಅಲ್ಲ," ಎಂದರು ಮೆಲ್ಲಗೆ. ಕೊನೆಯ ಭಾಗವನ್ನು ಮೂರು ಸಲ ಹಿಂದೆ ಹಾಕಿ ಕೇಳಿದರು. "ಇಲ್ಲಿ ಏನಂತ ಟೈಪ್ ಮಾಡ್ತೀಯ?"

"ನಾನು ಬರ್ಲಾ, ಅಂತ."

"ಸರಿಯಾಗಿ ಕೇಳು."

ಕೇಳಿದೆ. ನಾನೂ ಬರ್ಲಾ? ಆರು ಸೆಕೆಂಡು ಮೌನ. ಹೂಂ. ಸರಿ ಹಾಗಾದ್ರೆ. ಕುರ್ಚಿ ಹಿಂದೆ ಸರಿದ ಸದ್ದು ಬಂದದ್ದು ಅದಾದ ಮೇಲೆ.

ನಾನು ಒಂದು ದೀರ್ಘ ತಪ್ಪಿಸಿದ್ದೆ. ಬೈಂಡಮ್ಮ ಹೊರಡಲು ನನ್ನ ಅಪ್ಪಣೆ ಕೇಳಿರಲಿಲ್ಲ. ನಾನೂ ನಿನ್ನ ಹತ್ತಿರ ಬಂದುಬಿಡಲಾ ಎಂದು ತಂಗಿಯನ್ನು ಕೇಳಿದ್ದರು. ತಂಗಿ ಹೂಂ ಎಂದಿದ್ದಳು. ನಾನು ತಲೆಯಾಡಿಸಿದ್ದೆ.

"ಅದ್ಯಾರ ದನಿ ಅಂತ ಆಮೇಲೆ ನೋಡೋಣ. ಮೊದ್ಲು ಫೋನ್ ಮಾಡು," ಎಂದರು ಮೇಡಂ. ಫೋನ್ ಬಡಿದುಕೊಂಡು ನಿಂತುಹೋಯಿತು, ಯಾರೂ ಎತ್ತಲಿಲ್ಲ. ಅಂಗಡಿ ಇದ್ದದ್ದು ಎರಡು ಬೀದಿ ಆಚೆ. ಮೇಡಂ ಆಸ್ಪತ್ರೆಗೆ ಫೋನ್ ಮಾಡುತ್ತ ಮಂಡಿ ನೋವಿನಲ್ಲೇ ಹಿಂದಿನಿಂದ ಬಂದರು. ನಾನು ಬಿದ್ದಂಬೀಳ ಓಡಿದೆ.

ಶಟರ್ ಅರ್ಧ ಇಳಿದಿತ್ತು. ಬಗ್ಗಿ ಒಳಗೆ ಹೋದೆ. ಬೈಂಡಮ್ಮ ಸ್ಟೂಲಿನ ಮೇಲೆ ಕೂತಿದ್ದರು, ತಲೆ ಬಾಚಿ, ಇಸ್ತ್ರಿ ಮಾಡಿದ ಬಟ್ಟೆ ಉಟ್ಟು. ಬೈಂಡ್ ಆದ ಪುಸ್ತಕಗಳನ್ನೆಲ್ಲ ದಾರದಲ್ಲಿ ಕಟ್ಟಿ, ಯಾರದು ಯಾವುದು ಎಂಬ ಚೀಟಿ ಸಿಕ್ಕಿಸಿದ್ದರು. ಬದುಕಿದ್ದಾರಲ್ಲ ಎಂದು ಜೀವ ಬಂದಂತಾಯಿತು.

"ಇದೇನಮ್ಮ ನೀವು ಇಲ್ಲಿ?"

ಸುತ್ತಿಬಳಸಬಾರದು, ನೇರವಾಗಿ ಕೇಳಬೇಕು ಎಂದು ಕಲಿಸಿದ್ದರು. "ಸಾಯ್ಬೇಕು ಅಂದ್ಕೊಂಡಿದ್ದೀರಾ?"

"ಅವ್ಳು ಹೂಂ ಅಂದ್ಲಲ್ಲ. ನೀವೂ ಅಲ್ಲೇ ಇದ್ರಿ."

ಆಗ ನಾನು ಸುಳ್ಳು ಹೇಳಿದೆ. ಯಾವ ಪಠ್ಯದಲ್ಲೂ ಇಲ್ಲದ, ಯಾವ ಮೇಡಮ್ಮೂ ಒಪ್ಪದ ಸುಳ್ಳು. "ಆ ಹೂಂ ನಂದು. ಅಲ್ಲಿ ಕೇಳ್ಸಿದ್ದೆಲ್ಲಾ ನಂದೇ. ಇಲ್ಲಿ ಮನೇಲಿ ಕೇಳ್ಸೋದು ಬರೀ ನೆನಪು. ನಂಗೆ ಅದೊಂದು ಚಟ, ಮೇಡಂ ಹತ್ರ ಬೈಸ್ಕೊಂಡಿದ್ದೀನಿ. ಬೇಕಾದ್ರೆ ಅವ್ರನ್ನೇ ಕೇಳಿ."

"ಎಲ್ಲಾ ನಿಮ್ದೇನಾ?"

"ನಂದೇ."

"ಹಾಗಾದ್ರೆ ಅವ್ಳು ಇಲ್ಲ."

"ಇಲ್ಲ," ಎಂದೆ.

ನಾಲ್ಕು ಭೇಟಿಯಲ್ಲಿ ಒಂದು ಹನಿ ಕಣ್ಣೀರು ಹಾಕದವರು ಮುಖ ಮುಚ್ಚಿಕೊಂಡು ದೊಡ್ಡದಾಗಿ ಅಳತೊಡಗಿದರು. ತಂಗಿಯನ್ನು ಅವರಿಂದ ಎರಡನೇ ಸಲ ಕಿತ್ತುಕೊಂಡವಳು ನಾನು.

ಒಳಗಿನ ಕೋಣೆಯ ಪರದೆಯ ಹಿಂದೆ ರಟ್ಟು ಕತ್ತರಿಸುವ ಸದ್ದಾಯಿತು. ಅದು ನಿಂತಮೇಲೆ ತೀರಾ ಹತ್ತಿರದಿಂದ ಒಂದು ದನಿ, "ಊಹೂಂ," ಎಂದಿತು. ನನ್ನ ಮಾತು ಸುಳ್ಳು ಎಂದು ಹೇಳುತ್ತಿತ್ತು.

ಬೈಂಡಮ್ಮ ಥಟ್ಟನೆ ತಲೆ ಎತ್ತಿದರು. "ಕೇಳಿಸ್ತಾ?"

"ಏನು?" ಎಂದೆ. "ನಂಗೇನೂ ಕೇಳಿಸ್ಲಿಲ್ವಲ್ಲ."

ಅವರು ಬಹಳ ಹೊತ್ತು ನನ್ನ ಮುಖವನ್ನೇ ನೋಡಿದರು. ನಾನು ಕಣ್ಣು ತಪ್ಪಿಸಲಿಲ್ಲ. "ನನ್ ಭ್ರಮೆ ಇರ್ಬೇಕು," ಎಂದು ಕೊನೆಗೆ ನನ್ನ ಕೈ ಹಿಡಿದು ಎದ್ದರು. ಅಷ್ಟರಲ್ಲಿ ಮೇಡಂ ಏದುಸಿರು ಬಿಡುತ್ತ ಬಂದರು. ಆಸ್ಪತ್ರೆಯಲ್ಲಿ ವೈದ್ಯರು ಕಾಯುತ್ತಿದ್ದಾರೆ, ನಾವೂ ಜೊತೆಗಿರುತ್ತೇವೆ ಎಂದು ಹೇಳಿ ಮೆಲ್ಲಗೆ ಅವರನ್ನು ಬೀದಿಗೆ ಕರೆದುಕೊಂಡು ಹೋದರು.

ಶಟರ್ ಎಳೆಯಲು ನಾನು ಹಿಂದೆ ಉಳಿದೆ. ಪರದೆ ಅಲುಗಿತು. "ಅಕ್ಕಾ," ಎಂದು ಒಳಗಿನಿಂದ ಯಾರೋ ಕರೆದರು, ಜಾತ್ರೆಯಲ್ಲಿ ಕೈ ತಪ್ಪಿದ ಮಗುವಿನ ಹಾಗೆ. ಬೀದಿಯಲ್ಲಿದ್ದ ಬೈಂಡಮ್ಮ ತಿರುಗಿ ನೋಡಲಿಲ್ಲ. ಮತ್ತೊಮ್ಮೆ ಕರೆದಳು. ನಾನು ಶಟರ್ ಪೂರ್ತಿ ಇಳಿಸಿ, ಅಳುತ್ತಲೇ ಬೀಗ ಹಾಕಿದೆ.